ಕಂಪ್ಯೂಟರಿಗೆ ಹೊಸ ಕೊರಳು ಬೇಕೆ?

ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲೊಂದು ಸಣ್ಣ ವ್ಯಾಜ್ಯ ಹುಟ್ಟಿತು. ನಾವಿರುವುದು ರಾಜಾಜಿನಗರದಲ್ಲಿ. ನಮ್ಮ ತಂದೆಯವರು ಗಮಕಿಗಳು. ೧೯೮೪ರಲ್ಲಿ ಬಡಾವಣೆಯ ಮಂದಿರವೊಂದರಲ್ಲಿ ಅವರು ಕುಮಾರವ್ಯಾಸ ಭಾರತವನ್ನು ವಾಚಿಸಿದಾಗ ನೆರೆಯವರೊಬ್ಬರು ಅದನ್ನು ಕ್ಯಾಸೆಟ್ಟಿಗೆ ಹಿಡಿದುಕೊಟ್ಟಿದ್ದರು. ತಂದೆಯವರು ಈಗಿಲ್ಲ. ಅವರ ದನಿ ಉಳಿದಿರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ. ಅದರ ಪಟ್ಟಿಯೂ ಸೊರಗಿದೆ. ಎರಡು ಸಲ ಟೇಪ್‌ರೆಕಾರ್ಡರಿನ ಗಾಲಿಗೆ ಸುತ್ತಿಕೊಂಡದ್ದನ್ನು ಪೆನ್ಸಿಲಿನಿಂದ ತಿರುಗಿಸಿ ಬಿಡಿಸಿದ್ದಾಯಿತು. ಮೂರನೆಯ ಸಲಕ್ಕೆ ಅದು ಉಳಿದೀತೆಂಬ ಭರವಸೆ ನನಗಿರಲಿಲ್ಲ. ಬೇಗನೆ ಕಂಪ್ಯೂಟರಿಗೆ ಇಳಿಸಿಡೋಣವೆಂದು ಹೊರಟೆ.

ಮೊದಲ ಯತ್ನ ಕೆಟ್ಟಿತು. ಟೇಪ್‌ರೆಕಾರ್ಡರಿನಿಂದ ತಂತಿ ಎಳೆದು, ಲ್ಯಾಪ್‌ಟಾಪಿಗಿರುವ ಒಂದೇ ತೂತಿಗೆ ಸಿಕ್ಕಿಸಿ, ಹತ್ತು ನಿಮಿಷ ಹಿಡಿದು ಕೇಳಿದೆ. ತಂದೆಯವರ ತುಂಬುಕಂಠ ಹರಿದ ತಮಟೆಯಂತೆ ಒಡೆದಿತ್ತು. ಹಿಂದೆ ಗುಂಯ್ ಎಂಬ ಶ್ರುತಿ ಬೇರೆ. “ಅಪ್ಪಾ, ಕಂಪ್ಯೂಟರಿನ ಜೊತೆಗೆ ಬಂದಿರೋ ಸೌಂಡು ಇಷ್ಟೇ. ಒಳ್ಳೇ ಸೌಂಡ್ ಕಾರ್ಡ್ ಹಾಕಿಸೋಣ” ಎಂದ ಮಗ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಪ್ಪು ನೆಲದ್ದೋ ಕುಣಿಯುವವರದೋ ಎಂಬುದನ್ನು ನೋಡಿಕೊಂಡು ಹಣ ಬಿಚ್ಚೋಣವೆಂದು ನಾನೆಂದೆ. ಈ ಪ್ರಶ್ನೆ ತಮ್ಮ ಮನೆಯಲ್ಲಿಯೂ ಎದ್ದಿರಬಹುದು. ನಾನು ವಿಜ್ಞಾನದ ಮೇಷ್ಟರಲ್ಲ, ಕನ್ನಡ ಪಂಡಿತ. ಆದರೂ ವಿಚಾರಿಸಿ ತಿಳಿದದ್ದನ್ನು ತಮ್ಮ ಮುಂದಿಡುತ್ತೇನೆ.

ಕಂಪ್ಯೂಟರಿಗೆ ಸಂಖ್ಯೆಯಲ್ಲದೆ ಬೇರೇನೂ ತಿಳಿಯದು. ಒಳಬರುವ ದನಿಯನ್ನು ಸಂಖ್ಯೆಗಳಾಗಿ ಬಿಡಿಸುವುದು, ಹೊರಹೋಗುವ ಸಂಖ್ಯೆಗಳನ್ನು ಮತ್ತೆ ದನಿಯಾಗಿ ಕೂಡಿಸುವುದು, ಈ ಎರಡು ಕೆಲಸ ಮಾಡತಕ್ಕದ್ದೇ ಸೌಂಡ್ ಕಾರ್ಡು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದು ಪದವಿಭಾಗ, ಇನ್ನೊಂದು ಸಂಧಿ. ೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಒಂದು ಸೆಕೆಂಡಿನ ದನಿಯನ್ನು ೪೪,೧೦೦ ತುಣುಕು ಮಾಡಿ, ಪ್ರತಿ ತುಣುಕನ್ನೂ ೬೫,೫೩೬ ಮೆಟ್ಟಿಲುಗಳಲ್ಲಿ ಒಂದಕ್ಕೆ ಹೊಂದಿಸುತ್ತಾರೆ. ಎಳೆಯ ಕಿವಿಗೂ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳ ಮೇಲೆ ಕೇಳಿಸದು. ನನ್ನ ವಯಸ್ಸಿನವರಿಗೆ ಅಷ್ಟೂ ಇಲ್ಲ. ಅದರ ಇಮ್ಮಡಿಗಿಂತ ಹೆಚ್ಚು ತುಣುಕುಗಳಿದ್ದರೆ ಕೇಳುವ ದನಿಯೆಲ್ಲವೂ ಅದರಲ್ಲಿ ಅಡಗುತ್ತದೆ.

೧೯೮೧ರ ಐ.ಬಿ.ಎಂ. ಪಿ.ಸಿ.ಗೆ ಕೀಂಯ್ ಎನ್ನುವುದಷ್ಟೇ ಗೊತ್ತಿತ್ತು. ಆಗ ಕಾರ್ಡು ನಿಜವಾಗಿಯೂ ಬೇಕಾಗಿತ್ತು. ೧೯೮೭ರಲ್ಲಿ ಆಡ್‌ಲಿಬ್, ೧೯೮೯ರಲ್ಲಿ ಸೌಂಡ್ ಬ್ಲಾಸ್ಟರ್ ಬಂದವು. ಬಳಿಕ ೧೯೯೭ರಲ್ಲಿ ಇಂಟೆಲ್ ಸಂಸ್ಥೆ ಒಂದು ಕ್ರಮವನ್ನು ರೂಪಿಸಿತು. ಕಾರ್ಡು ಮಾಡುತ್ತಿದ್ದ ಕೆಲಸ ಉಗುರಿನಷ್ಟು ಚಿಪ್ಪಾಗಿ ಮದರ್‌ಬೋರ್ಡಿನ ಮೇಲೆಯೇ ಕುಳಿತಿತು. ೨೦೦೪ರಲ್ಲಿ ಬಂದ ಅದರ ಉತ್ತರಾಧಿಕಾರಿ ಸಿ.ಡಿ.ಯ ಮಟ್ಟವನ್ನೂ ದಾಟಿತು. ಆದಕಾರಣ ಇಂದು ಕೊರತೆ ಕಂಡರೆ ಮೊದಲು ಬೇರೆಡೆ ಹುಡುಕುವುದು ಲೇಸು.

ಹುಡುಕುವ ಬಗೆ ಹೀಗೆ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಿಂದ ಮೃದಂಗದ ಎಡಗೈಯ ಗುಮಕು ಬರಲಾರದು. ಅದಕ್ಕೆ ಅಷ್ಟು ಗಾಳಿಯನ್ನು ತಳ್ಳುವ ಶಕ್ತಿಯಿಲ್ಲ. ಒಂದು ಒಳ್ಳೆಯ ಇಯರ್‌ಫೋನನ್ನು ಎರವಲು ತಂದು ಕೇಳಿ. ಬಹುಪಾಲು ದೂರು ಅಲ್ಲಿಗೇ ತೀರುತ್ತದೆ. ಅಗ್ಗದ ಇಯರ್‌ಫೋನಿಗೆ ದುಬಾರಿ ಕಾರ್ಡು ಕಟ್ಟಿದರೆ ಮೂಗಿಗಿಂತ ಮೂಗುತಿ ಭಾರವಾದೀತು. ಬ್ಲೂಟೂತ್ ಇಯರ್‌ಫೋನಿನವರಿಗಂತೂ ಕಾರ್ಡಿನ ಮಾತೇ ಇಲ್ಲ. ಅಲ್ಲಿ ಸಂಖ್ಯೆಗಳು ಗಾಳಿಯಲ್ಲಿ ಹೋಗಿ ಇಯರ್‌ಫೋನಿನೊಳಗೇ ದನಿಯಾಗುತ್ತವೆ.

ಗುಂಯ್ಗುಡುವಿಕೆ ಇದ್ದರೆ ಚಾರ್ಜರನ್ನು ಕಿತ್ತು ಕೇಳಿ. ನಿಂತರೆ ದೋಷ ಚಾರ್ಜರಿನದು, ಇಲ್ಲವೆ ಮನೆಯ ಅರ್ತಿಂಗಿನದು. ಡೆಸ್ಕ್‌ಟಾಪಿನಲ್ಲಿ ಮುಂದಿನ ತೂತಿನ ಬದಲು ಹಿಂದಿನದಕ್ಕೆ ಹಾಕಿ. ಮುಂದಿನದರ ತಂತಿ ಪೆಟ್ಟಿಗೆಯ ಗದ್ದಲದ ನಡುವೆ ಹಾದು ಬಂದಿರುತ್ತದೆ. ಮೌಸು ಆಡಿಸಿದಾಗಲೆಲ್ಲ ಕಿರಿಕಿರಿ ಕೇಳುವುದಾದರೆ ಒಳಗಿನ ಗದ್ದಲವೇ ದನಿಗೆ ಸೇರುತ್ತಿದೆ ಎಂದರ್ಥ. ಆಗ ಖರ್ಚು ಮಾಡಬಹುದು. ಆದರೆ ಒಳಗೆ ಕೂರುವ ಕಾರ್ಡಿಗಿಂತ ಯು.ಎಸ್.ಬಿ. ತೂತಿಗೆ ಹಾಕುವ ಹೊರಗಿನ ಸಣ್ಣ ಡಬ್ಬಿಯೇ ಮೇಲು. ಅದು ಗದ್ದಲದಿಂದ ದೂರವಿರುತ್ತದೆ.

ಇಷ್ಟು ತಿಳಿದ ಮೇಲೂ ನನ್ನ ಕ್ಯಾಸೆಟ್ಟಿನ ಪ್ರಶ್ನೆ ಬಗೆಹರಿಯಲಿಲ್ಲ. ಮಹಾಕವಿ ಕುವೆಂಪು ರಸ್ತೆಯ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಚಿಕ್ಕಪೇಟೆಯಲ್ಲಿಳಿದು, ಎಸ್.ಪಿ. ರಸ್ತೆಯ ಒಂದು ಅಂಗಡಿಗೆ ಹೋದೆ. ಅಂಗಡಿಯ ಹುಡುಗ, “ಏನಕ್ಕೆ ಸಾರ್ ಕಾರ್ಡು? ಆಟಕ್ಕಾ, ಹಾಡಿಗಾ?” ಎಂದ. ನನ್ನ ಕಥೆ ಹೇಳಿದೆ. “ಲ್ಯಾಪ್‌ಟಾಪಲ್ಲಿರೋದು ಮೈಕಿನ ತೂತು ಸಾರ್. ಮೈಕಿಂದ ಬರೋದು ಪಿಸುಮಾತು. ಟೇಪಿಂದ ಬರೋದು ಕೂಗು. ಒಡೀದೆ ಏನಾಗುತ್ತೆ? ಮನೇಲಿ ಹಳೇ ಡೆಸ್ಕ್‌ಟಾಪ್ ಇದ್ಯಾ? ಹಿಂದ್ಗಡೆ ನೀಲಿ ತೂತಿದ್ರೆ ಅದಕ್ಕೆ ಹಾಕಿ. ಇಲ್ದೆ ಹೋದ್ರೆ ಬನ್ನಿ, ಲೈನ್ ಇನ್ ಇರೋ ಡಬ್ಬಿ ಕೊಡ್ತೀನಿ” ಎಂದ. ಆತ ನನಗೆ ಮಾರಿದ್ದು ಒಂದು ತಂತಿ ಮಾತ್ರ.

ಮಗ ಕಾಲೇಜಿನಲ್ಲಿದ್ದಾಗಿನ ಡೆಸ್ಕ್‌ಟಾಪು ಅಟ್ಟದ ಮೇಲಿತ್ತು. ನೀಲಿ ತೂತೂ ಇತ್ತು. ಮೊದಲು ಕ್ಯಾಸೆಟ್ಟು ಹಾಕದೆ ಒಂದು ನಿಮಿಷದ ಬರಿಯ ಮೌನವನ್ನು ಹಿಡಿದೆವು. ಆಮೇಲೆ ಕ್ಯಾಸೆಟ್ಟಿನ ಆರಂಭದ, ಮಾತಿಲ್ಲದ ಕೆಲವು ಸೆಕೆಂಡುಗಳನ್ನು ಹಿಡಿದೆವು. ಎರಡನ್ನೂ ಹೋಲಿಸಿ ಕೇಳಿದರೆ ಕಂಪ್ಯೂಟರಿನ ಮೌನಕ್ಕಿಂತ ಪಟ್ಟಿಯ ಹಿಸ್ಸೆಂಬ ಸದ್ದೇ ಎಷ್ಟೋ ದೊಡ್ಡದು. ಈ ಪರೀಕ್ಷೆಯನ್ನು ತಾವೂ ಮಾಡಿ. ಯಂತ್ರದ ಸದ್ದು ಪಟ್ಟಿಯ ಸದ್ದಿಗಿಂತ ತೀರ ಕಡಿಮೆಯಿದ್ದರೆ, ಎಷ್ಟು ಬೆಲೆಯ ಕಾರ್ಡು ತಂದರೂ ಆ ಕ್ಯಾಸೆಟ್ಟಿನಿಂದ ಹೆಚ್ಚಿನದೇನೂ ದೊರೆಯದು. ಪಟ್ಟಿಯಲ್ಲಿ ಇಲ್ಲದ್ದನ್ನು ಯಾವ ಕಾರ್ಡೂ ಕೊಡಲಾರದು.

ಅತಿ ಏರುದನಿಯ ಪದ್ಯದಲ್ಲೂ ಮುಳ್ಳು ಕೆಂಪನ್ನು ಮುಟ್ಟದಂತೆ ಹದಮಾಡಿ, ಒಂದು ಭಾನುವಾರ ಬೆಳಗ್ಗೆ ಕುಳಿತೆವು. ಮೊದಲ ಮಗ್ಗುಲು ನಲವತ್ತೈದು ನಿಮಿಷ ಸರಾಗವಾಗಿ ಹರಿಯಿತು. ಮಗ ತಾತನ ದನಿ ಕೇಳಿದ್ದು ಅದೇ ಮೊದಲು. “ತಾತನ ‘ಷ’ಕಾರ ಬೇರೆ, ‘ಶ’ಕಾರ ಬೇರೆ, ಅಲ್ವಾ ಅಪ್ಪಾ?” ಎಂದ. ಶಾಲೆಯಲ್ಲಿ ನಾನು ಎಷ್ಟು ಸಲ ಹೇಳಿದರೂ ಹುಡುಗರಿಗೆ ಹತ್ತದ ಭೇದವದು.

ಎರಡನೆಯ ಮಗ್ಗುಲು ಮುಗಿಯಲು ಕೆಲವು ನಿಮಿಷಗಳಿರುವಾಗ ಪಟ್ಟಿ ಹರಿಯಿತು. ಹರಿದ ತುದಿ ಗಾಲಿಯೊಳಗೆ ನುಗ್ಗಿ ನುಚ್ಚಾಯಿತು. ಮಂಗಳದ ಪದ್ಯ ನಮಗೆ ಸಿಗಲಿಲ್ಲ. ಅದರ ಹಿಂದಿನದೆಲ್ಲ ಈಗ ಮೂರು ಕಡೆ ಪ್ರತಿಯಾಗಿ ಇದೆ. ಕಾರ್ಡು ಯಾವುದು ಲೇಸೆಂದು ಚರ್ಚಿಸುತ್ತ ಆ ಎರಡು ವಾರಗಳನ್ನು ಕಳೆಯದೆ, ಕೂಡಲೆ ನೀಲಿ ತೂತನ್ನು ಹುಡುಕಿದ್ದರೆ ಮಂಗಳವೂ ಸಿಕ್ಕುತ್ತಿತ್ತೇನೋ ಎಂದು ಆಗಾಗ ಅನ್ನಿಸುವುದುಂಟು.

ತಮ್ಮ ಮನೆಯ ಬೀರುವಿನಲ್ಲಿಯೂ ಹಿರಿಯರ ದನಿಯಿರುವ ಕ್ಯಾಸೆಟ್ಟು ಇದ್ದೀತು. ಇದ್ದರೆ ಇರುವ ಯಂತ್ರದಲ್ಲಿಯೇ, ತಕ್ಕ ತೂತನ್ನು ನೋಡಿಕೊಂಡು, ಈ ವಾರವೇ ಇಳಿಸಿ. ಕಾರ್ಡಿನ ವಿಚಾರ ಆಮೇಲೆ ನೋಡಿಕೊಳ್ಳಬಹುದು.