ತಗ್ಗಿದ ಮಸ್ಟ್ಯಾಂಗಿಗೆ ಒಂದಂಗುಲದ ಲೆಕ್ಕ

ಹಳೆಯ ಕಾರನ್ನು ನೆಲಕ್ಕೆ ತಗ್ಗಿಸಿದರೆ ಅದು ರಸ್ತೆಗೆ ಅಂಟಿಕೊಂಡು ಓಡುತ್ತದೆ ಎಂಬ ನಂಬಿಕೆ ಕಾರುಪ್ರಿಯರಲ್ಲಿ ಬಲವಾಗಿದೆ. ಇದರಲ್ಲಿ ಅರ್ಧ ಸತ್ಯವುಂಟು. ಉಳಿದರ್ಧ ಏನೆಂದು ತಿಳಿಯಲು ಅಮೆರಿಕದ ಫೋರ್ಡ್ ಮಸ್ಟ್ಯಾಂಗಿನ ಕಥೆಯನ್ನು ನೋಡಬೇಕು.

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಮಸ್ಟ್ಯಾಂಗ್ ಜನರ ಮುಂದೆ ಬಂತು. ಉದ್ದ ಮೂತಿ, ಗಿಡ್ಡ ಹಿಂಭಾಗ. ನೋಟಕ್ಕೆ ಪಂದ್ಯದ ಕುದುರೆಯೇ. ಆದರೆ ಆ ಅಂದದ ಮೈಯ ಕೆಳಗಿದ್ದುದು ಬಹುಮಟ್ಟಿಗೆ ಫಾಲ್ಕನ್ ಎಂಬ ಸಾಧಾರಣ ಸಂಸಾರಸ್ಥ ಕಾರಿನ ಕೈಕಾಲು. ಪೇಟೆಯ ಓಡಾಟಕ್ಕೆ ಅದು ಸಾಕು. ತಿರುವಿನಲ್ಲಿ ವೇಗವಾಗಿ ನುಗ್ಗಿಸಿದರೆ ಮಾತ್ರ ಮೈ ಹೊರಕ್ಕೆ ವಾಲುತ್ತಿತ್ತು. ಅದರೊಂದಿಗೆ ಹೊರಬದಿಯ ಮುಂಚಕ್ರದ ತಲೆಯೂ ವಾಲಿ, ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತಿತ್ತು. ಅಂಗಾಲು ಪೂರ್ತಿ ಊರದವನಿಗೆ ಹಿಡಿತ ಎಲ್ಲಿಂದ ಬರಬೇಕು?

ಚಕ್ರದ ಈ ವಾಲುವಿಕೆಗೆ ಕ್ಯಾಂಬರ್ ಎಂದು ಹೆಸರು. ತಲೆ ಹೊರಕ್ಕೆ ವಾಲಿದರೆ ಪಾಸಿಟಿವ್, ಒಳಕ್ಕೆ ವಾಲಿದರೆ ನೆಗೆಟಿವ್. 1965ರಲ್ಲಿ ಕ್ಯಾರೊಲ್ ಶೆಲ್ಬಿ ಅವರ ಲಾಸ್ ಏಂಜಲಿಸ್ ಕಾರ್ಖಾನೆ ಮಸ್ಟ್ಯಾಂಗನ್ನು ಜಿ.ಟಿ. 350 ಆಗಿ ಮಾರ್ಪಡಿಸಿದಾಗ, ಮುಂಚಕ್ರವನ್ನು ಹಿಡಿದಿರುವ ಮೇಲಿನ ಕಂಟ್ರೋಲ್ ಆರ್ಮ್ ಬಾಡಿಗೆ ಸೇರುವ ಜಾಗವನ್ನು ಒಂದು ಅಂಗುಲ ಕೆಳಗಿಳಿಸಲಾಯಿತು. ಲೆಕ್ಕ ಫೋರ್ಡಿನ ಎಂಜಿನಿಯರ್ ಕ್ಲೌಸ್ ಆರ್ನಿಂಗ್ ಅವರದು. ಬದಿಗೆ ಎರಡರಂತೆ ನಾಲ್ಕು ಹೊಸ ತೂತು, ಅಷ್ಟೇ! ಸ್ಪ್ರಿಂಗು ಆ ಆರ್ಮಿನ ಮೇಲೆಯೇ ಕುಳಿತಿರುವುದರಿಂದ ಕಾರಿನ ಮುಂಭಾಗ ತುಸು ತಗ್ಗಿತು, ನಿಜ. ಮುಖ್ಯ ಲಾಭ ಅದಲ್ಲ. ಆರ್ಮಿನ ಓರೆ ಬದಲಾದ್ದರಿಂದ, ಚಕ್ರ ಮೇಲೇರಿದಂತೆ ಅದರ ತಲೆ ಮೊದಲಿಗಿಂತ ಹೆಚ್ಚು ಒಳಕ್ಕೆ ಸರಿಯತೊಡಗಿತು. ಮೈ ವಾಲಿದರೂ ಟೈರು ರಸ್ತೆಯ ಮೇಲೆ ಅಗಲವಾಗಿ ಊರಿತು.

ಬರೀ ಸ್ಪ್ರಿಂಗು ಕತ್ತರಿಸಿ ಕಾರನ್ನು ತಗ್ಗಿಸುವವರಿಗೆ ಈ ಲಾಭ ಪೂರ್ತಿ ದಕ್ಕುವುದಿಲ್ಲ. ಅಷ್ಟೇ ಅಲ್ಲ, ಸ್ಟೀರಿಂಗಿನ ರಾಡುಗಳ ಓರೆಯೂ ಬದಲಾಗಿ, ಚಕ್ರಗಳ ಮೂತಿ ಹಿಂದಿನ ನೇರದಲ್ಲಿ ಉಳಿಯುವುದಿಲ್ಲ. ಹಾಗೆ ಬಿಟ್ಟರೆ ಟೈರು ಒಂದೇ ಪಕ್ಕ ಸವೆಯುತ್ತದೆ, ಹಳ್ಳ ದಿಣ್ಣೆಯಲ್ಲಿ ಕಾರು ತಾನಾಗಿ ಅತ್ತಿತ್ತ ಎಳೆಯುತ್ತದೆ. ಮಳೆಯಲ್ಲಿ ಇದು ಜೀವಕ್ಕೇ ಸಂಚಕಾರ.

ಕಂಪನಿಯ ಹಳೆಯ ಪುಸ್ತಕದಲ್ಲಿ ಅಂಕಿಗಳಿವೆಯಲ್ಲ ಎಂದು ಕೇಳಬಹುದು. ಅವು ಆ ಕಾಲದ ಬಯಾಸ್ ಟೈರಿಗೆ, ಕಾರ್ಖಾನೆಯ ಎತ್ತರಕ್ಕೆ ಹೇಳಿದವು. ಈಗ ರೇಡಿಯಲ್ ಟೈರು ಹಾಕಿ ರಸ್ತೆಯಲ್ಲಿ ಓಡಿಸುವ ತಗ್ಗಿದ ಮಸ್ಟ್ಯಾಂಗಿಗೆ ಅರ್ಧದಿಂದ 1 ಡಿಗ್ರಿ ನೆಗೆಟಿವ್ ಕ್ಯಾಂಬರ್, 2ರಿಂದ 3 ಡಿಗ್ರಿ ಪಾಸಿಟಿವ್ ಕ್ಯಾಸ್ಟರ್, ಒಟ್ಟು 1.5ರಿಂದ 3 ಮಿಲಿಮೀಟರ್ ಟೋ-ಇನ್ ಎಂಬಲ್ಲಿಂದ ಅನುಭವಿಗಳು ಶುರು ಮಾಡುತ್ತಾರೆ. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ಒರಗಿರುತ್ತದಲ್ಲ, ಅಂಥ ಒರಗೇ ಕ್ಯಾಸ್ಟರ್. ಅದು ಹೆಚ್ಚಿದರೆ ಸ್ಟೀರಿಂಗ್ ತುಸು ಭಾರ, ಆದರೆ ಕಾರು ನೇರ ಓಡುತ್ತದೆ. ಎರಡು ಮುಂಚಕ್ರಗಳ ಮೂತಿ ಒಳಕ್ಕೆ ತಿರುಗಿರುವುದು ಟೋ-ಇನ್.

ಕೆಲಸಕ್ಕೆ ಕ್ರಮವುಂಟು. ಮೊದಲು ಎತ್ತರ ನಿಗದಿಯಾಗಬೇಕು; ಟೈರಿಗೆ ಸರಿಯಾದ ಗಾಳಿ, ಚಾಲಕನ ಸೀಟಿನಲ್ಲಿ ಅವನಷ್ಟೇ ಭಾರ. ಜಾಕ್ ಇಳಿಸಿದ ಮೇಲೆ ಕಾರನ್ನು ಹಿಂದೆ ಮುಂದೆ ಉರುಳಿಸದೆ ಅಳೆದರೆ ಅಳತೆ ಸುಳ್ಳಾಗುತ್ತದೆ. 1965–66ರ ಮಾದರಿಗಳಲ್ಲಿ ಮೇಲಿನ ಆರ್ಮಿನ ಬೋಲ್ಟುಗಳಲ್ಲಿ ಶಿಮ್ ಎಂಬ ತೆಳು ಲೋಹದ ಪಟ್ಟಿಗಳನ್ನು ಸೇರಿಸಿ, ತೆಗೆದು ಕ್ಯಾಂಬರ್, ಕ್ಯಾಸ್ಟರ್ ಹೊಂದಿಸಬೇಕು. ಇವು ಬದಲಾದರೆ ಟೋ ಕೂಡ ಬದಲಾಗುವುದರಿಂದ ಟೋ ಯಾವಾಗಲೂ ಕೊನೆಗೆ. ದುಬಾರಿ ಯಂತ್ರವೇ ಬೇಕೆಂದಿಲ್ಲ. ಗಾರೆಯವರು ಗೋಡೆಯ ನೇರ ನೋಡಲು ಇಳಿಬಿಡುವ ತೂಕದ ದಾರ ಸಾಕು: 14 ಅಂಗುಲದ ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ಸುಮಾರು 6 ಮಿಲಿಮೀಟರ್ ವ್ಯತ್ಯಾಸ ಕಂಡರೆ ಅದು 1 ಡಿಗ್ರಿ ಕ್ಯಾಂಬರ್.

ಶೆಲ್ಬಿಯ ಜಿ.ಟಿ. 350 ಕಾರುಗಳು 1965ರಿಂದ 1967ರವರೆಗೆ ಸತತ ಮೂರು ವರ್ಷ ಅಮೆರಿಕದ ಬಿ-ಪ್ರೊಡಕ್ಷನ್ ರೇಸಿಂಗ್ ಪ್ರಶಸ್ತಿ ಗೆದ್ದವು. ತಮಾಷೆಯೆಂದರೆ, ರಸ್ತೆಯ ಮಾದರಿಗಳಲ್ಲಿ 1966ರಲ್ಲಿಯೇ ಖರ್ಚು ಉಳಿಸಲು ಆ ಒಂದಂಗುಲವನ್ನು ಕೈಬಿಡಲಾಯಿತು. ಅಪರೂಪದ ಹಳೆಯ ಬಾಡಿಗೆ ಡ್ರಿಲ್ ಇಡಲು ಮಾಲೀಕರು ಈಗಲೂ ಹಿಂಜರಿಯುತ್ತಾರೆ. ಕಾರ್ಖಾನೆಯ ತೂತುಗಳು ಮಾತ್ರ ಹಾಗೆಯೇ ಉಳಿದಿರುತ್ತವೆ. ಬೇಡವೆನಿಸಿದ ದಿನ ಆರ್ಮನ್ನು ಹಿಂದಿನ ಜಾಗಕ್ಕೆ ಏರಿಸಿ, ಶಿಮ್ಮುಗಳನ್ನು ಮತ್ತೆ ಲೆಕ್ಕಹಾಕಬಹುದು.