ಹಳೆಯ ಸುಟ್ಟ ಕಲೆ, ಮಾಯದ ಗಾಯ



ಶಿವಾಜಿನಗರ, ಹಲಸೂರು, ಕೆ.ಆರ್. ಪುರಂನ ಮನೆಗಳಿಗೆ ಗ್ಯಾಸ್ ಬರುವ ಮುಂಚೆ ಸೀಮೆಎಣ್ಣೆಯ ಪಂಪ್ ಸ್ಟೌವ್ ಇದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಸ್ಟೌವ್ ಸಿಡಿದು ಸುಟ್ಟುಕೊಂಡವರು, ಮದುವೆಮನೆಯ ದೇಗ್‌ನ ಕುದಿನೀರು ಮೈಮೇಲೆ ಚೆಲ್ಲಿಕೊಂಡ ಅಡುಗೆಯವರು ನಮ್ಮ ಮೊಹಲ್ಲಾಗಳಲ್ಲಿ ಈಗಲೂ ಇದ್ದಾರೆ. ಗಾಯ ಮಾಸಿತು, ಕಲೆ ಉಳಿಯಿತು, ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಆದರೆ ಅಂತಹ ಕಲೆಯಲ್ಲಿ, ಹಾಗೆಯೇ ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ, ಕೆಲವೊಮ್ಮೆ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ.

1828ರಲ್ಲಿ ಕಲೆಯ ಮೇಲಿನ ಹುಣ್ಣುಗಳನ್ನು ವರ್ಣಿಸಿದ ಫ್ರಾನ್ಸಿನ ಶಸ್ತ್ರವೈದ್ಯರ ಹೆಸರಿನಿಂದ ಇದನ್ನು ಮಾರ್ಜೋಲಿನ್ ಹುಣ್ಣು ಎನ್ನುತ್ತಾರೆ. ಸುಟ್ಟ ಕಲೆಯಿರುವ ನೂರು ಜನರಲ್ಲಿ ಒಬ್ಬಿಬ್ಬರಿಗೆ ಬರಬಹುದೆಂದು ವೈದ್ಯರ ಅಂದಾಜು. ಹೆದರಬೇಕಾಗಿಲ್ಲ. ಆದರೆ ಬರುವುದು ಸಾಮಾನ್ಯವಾಗಿ 30 ವರ್ಷಗಳ ನಂತರ. 1990ರಲ್ಲಿ ಸುಟ್ಟುಕೊಂಡ ಹುಡುಗಿಗೆ ಈಗ ಮೊಮ್ಮಕ್ಕಳಿರಬಹುದು. ಆ ಕಲೆಯ ಲೆಕ್ಕ ಇಟ್ಟವರಾರು? ಬೇರೆಡೆಯ ಚರ್ಮ ತೆಗೆದು ಕಸಿ ಮಾಡಿಸದೆ ತಾನಾಗಿಯೇ ಮಾಯಲು ಬಿಟ್ಟ ಗಾಯಗಳಲ್ಲಿ, ಮೊಣಕಾಲು, ಮೊಣಕೈಯಂತಹ ಕೀಲುಗಳ ಮೇಲೆ ಪದೇ ಪದೇ ಬಿರಿಯುವ ಕಲೆಗಳಲ್ಲಿ ಅಪಾಯ ಹೆಚ್ಚು.

ಕಾಶ್ಮೀರದವರಿಗೆ ಇದರ ಇನ್ನೊಂದು ರೂಪ ಗೊತ್ತು. ಚಳಿಗಾಲದಲ್ಲಿ ಫೆರನ್ ಉಡುಪಿನೊಳಗೆ ಕೆಂಡದ ಕಾಂಗ್ರಿ ಇಟ್ಟುಕೊಳ್ಳುತ್ತಾರಲ್ಲ, ಆ ಶಾಖ ವರ್ಷಗಟ್ಟಲೆ ತಗುಲಿದ ತೊಡೆ, ಹೊಟ್ಟೆಯ ಮೇಲೆ ಬರುವ ಕ್ಯಾನ್ಸರನ್ನು ಕಾಂಗ್ರಿ ಕ್ಯಾನ್ಸರ್ ಎಂದೇ ಕರೆಯುತ್ತಾರೆ.

ಸುಟ್ಟ ಕಲೆಯಲ್ಲಿ ನರಗಳು ಕಡಿಮೆ, ಆದ್ದರಿಂದ ಮೊದಮೊದಲು ನೋವೇ ಇರದು. ಸಕ್ಕರೆ ಕಾಯಿಲೆ ಇದೆ, ಅದಕ್ಕೇ ಮಾಯುತ್ತಿಲ್ಲ ಎಂದು ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚುತ್ತಾ ವರ್ಷ ಕಳೆಯುತ್ತೇವೆ. (ಮುಲಾಮಿನ ಮೇಲೆ ನಮಗಿರುವಷ್ಟು ನಂಬಿಕೆ ವೈದ್ಯರ ಮೇಲಿಲ್ಲ.) ಕಲೆಯೊಳಗೆ ಇರುವಷ್ಟು ದಿನ ರೋಗ ನಿಧಾನ, ಅದನ್ನು ದಾಟಿ ಕಂಕುಳು, ತೊಡೆಸಂದಿನ ಗ್ರಂಥಿಗಳಿಗೆ ಇಳಿದರೆ ಮಾತು ಬೇರೆ. ಹುಣ್ಣಿನ ಅಂಚು ದಪ್ಪಗಾಗಿ ಹೊರಳಿದ್ದರೆ, ಹೂಕೋಸಿನಂತೆ ಮಾಂಸ ಬೆಳೆದರೆ, ದುರ್ವಾಸನೆ ಬಂದರೆ, ಮುಟ್ಟಿದರೆ ರಕ್ತ ಒಸರಿದರೆ, ಮೂರು ತಿಂಗಳಾದರೂ ಮಾಯದಿದ್ದರೆ, ಅಂಚಿನ ಚೂರು ತೆಗೆದು ಬಯಾಪ್ಸಿ ಮಾಡಿಸಲೇಬೇಕು. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ, ಅದು ಸುಳ್ಳು. ಬೇಗ ಬಂದವರಿಗೆ ಸುತ್ತಲಿನ ಒಂದಿಷ್ಟು ಚರ್ಮದೊಡನೆ ಅದನ್ನು ಕತ್ತರಿಸಿ ಕಸಿ ಮಾಡಿದರೆ ಸಾಕಾಗಬಹುದು. ತಡವಾಗಿ ಬಂದವರಿಗೆ ಕೆಲವೊಮ್ಮೆ ಕಾಲನ್ನೇ ತೆಗೆಯಬೇಕಾಗುತ್ತದೆ.

ಹೆಣ್ಣುಮಕ್ಕಳ ವಿಷಯ ಬೇರೆಯೇ ಹೇಳಬೇಕು. ತೊಡೆ, ಎದೆಯ ಮೇಲಿನ ಕಲೆಯನ್ನು ನಾಚಿಕೆಯಿಂದ ಗಂಡನಿಗೂ ತೋರಿಸದವರಿದ್ದಾರೆ. ಲೇಡಿ ಡಾಕ್ಟರೇ ಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ, ಕೇಳಿ. ಅಮ್ಮನನ್ನೋ ಅತ್ತೆಯನ್ನೋ ನೀವೇ ಒಮ್ಮೆ ವಿಚಾರಿಸಿ.

ಶಿವಾಜಿನಗರದಲ್ಲೇ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಇದೆ. ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಮೊದಲು ತೋರಿಸಿ. ಕ್ಯಾನ್ಸರ್ ಎಂದು ಗೊತ್ತಾದರೆ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆ ಇದೆ. 1973ರಲ್ಲಿ ಆರಂಭವಾದ ಅದಕ್ಕೆ ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು. ಬಿ.ಪಿ.ಎಲ್. ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ಡಾಕ್ಟರ ಮುಂದೆ ‘ಗಾಯ’ ಎಂದಷ್ಟೇ ಹೇಳಬೇಡಿ. ಯಾವ ವರ್ಷ ಸುಟ್ಟದ್ದು, ಆಗ ಕಸಿ ಮಾಡಿದ್ದರೇ, ಮತ್ತೆ ಯಾವಾಗ ಬಿರಿಯಿತು ಎಂಬುದನ್ನೂ ಹೇಳಿ.