ಮುಪ್ಪಿನ ನಿದ್ರೆ ಮತ್ತು ಮರೆವು: ಯಾವುದು ಕಾರಣ, ಯಾವುದು ಲಕ್ಷಣ?

ವಯಸ್ಸಾದಂತೆ ನಿದ್ರೆ ಕಡಿಮೆಯಾಗುವುದಕ್ಕಿಂತ ಹೆಚ್ಚಾಗಿ ತೆಳುವಾಗುತ್ತದೆ. ಗಾಢನಿದ್ರೆಯ ಪಾಲು ಕುಗ್ಗಿ ನಡುರಾತ್ರಿಯ ಎಚ್ಚರಗಳು ಹೆಚ್ಚುತ್ತವೆ. ದೇಹದ ಗಡಿಯಾರ ಹಿಂದೆ ಸರಿದು, ಮಲಗುವ ಹೊತ್ತೂ ಏಳುವ ಹೊತ್ತೂ ಬೇಗನೆ ಬರುತ್ತವೆ. ಹಗಲು ಕಂಡುಕೇಳಿದ್ದು ನೆನಪಾಗಿ ನೆಲೆಯೂರಲು ಗಾಢನಿದ್ರೆ ಬೇಕು. ನಿದ್ರೆಯ ಹಂತಗಳ ವಿವರ ಯಾವ ಶರೀರಶಾಸ್ತ್ರದ ಪುಸ್ತಕದಲ್ಲಾದರೂ ಸಿಗುವುದರಿಂದ ಇಲ್ಲಿ ಅದನ್ನು ಬೆಳೆಸಬೇಕಿಲ್ಲ.

ರಾತ್ರಿ ಎಂಟೂವರೆಗೆ ಮಲಗಿ ಮೂರಕ್ಕೆ ಎದ್ದು ಕೂತ ಅಜ್ಜನನ್ನು ಕಂಡು ಮನೆಯವರು “ರಾತ್ರಿಯೆಲ್ಲ ನಿದ್ದೆಯೇ ಇಲ್ಲ” ಎನ್ನುತ್ತಾರೆ. ಲೆಕ್ಕ ಹಾಕಿದರೆ ಆರೂವರೆ ಗಂಟೆ ಆಗಿರುತ್ತದೆ. ಮಧ್ಯಾಹ್ನ ಊಟವಾದ ಮೇಲಿನ ಒಂದು ಗಂಟೆ ಬೇರೆ. ರೋಗಿಯ ಮಾತನ್ನು ಮನೆಯವರ ಮಾತಿನಿಂದ ಬೇರೆಯಾಗಿಯೇ ಕೇಳುವ ವೈದ್ಯರಿದ್ದಾರೆ. ಆ ಪದ್ಧತಿಯ ಬೆಲೆ ತಿಳಿಯುವುದು ಇಂಥ ಕಡೆಯೇ.

ವಿವಾದವಿರುವುದು ಮುಂದಿನ ಪ್ರಶ್ನೆಯಲ್ಲಿ: ನಿದ್ರೆಗೆಟ್ಟದ್ದರಿಂದ ಡಿಮೆನ್ಷಿಯಾ ಬರುತ್ತದೆಯೋ, ಒಳಗೊಳಗೇ ಶುರುವಾದ ಡಿಮೆನ್ಷಿಯಾ ಮೊದಲು ನಿದ್ರೆಯನ್ನು ಕೆಡಿಸುತ್ತದೆಯೋ? ಮೊದಲ ಪಕ್ಷಕ್ಕೆ ದೊಡ್ಡ ಬಲ ಬಂದದ್ದು 2013ರಲ್ಲಿ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ, ನಿದ್ರಿಸುವ ಇಲಿಯ ಮೆದುಳಿನಲ್ಲಿ ಜೀವಕೋಶಗಳ ನಡುವಣ ಜಾಗ ಸುಮಾರು 60% ಹಿಗ್ಗಿ, ಬೀಟಾ ಅಮಿಲಾಯ್ಡ್‌ನಂಥ ಕಸ ಬೇಗ ಹೊರಹೋಗುತ್ತದೆಂದು ತೋರಿಸಿತು. ನಿದ್ರೆ ಮೆದುಳನ್ನು ತೊಳೆಯುತ್ತದೆ ಎಂಬ ಮಾತು ಅಲ್ಲಿಂದ ಪತ್ರಿಕೆಗಳ ಆರೋಗ್ಯ ಪುರವಣಿಗಳಿಗೆ ಇಳಿಯಿತು. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು ಇಲಿಗಳಲ್ಲೇ ಬಣ್ಣದ ದ್ರವ್ಯ ಹಾಕಿ ಅಳೆದು, ನಿದ್ರೆಯಲ್ಲಿ ಈ ಹೊರಹರಿವು ತಗ್ಗುತ್ತದೆ ಎಂದಿತು. ಅಳತೆಯ ವಿಧಾನವೇ ಸರಿಯಿಲ್ಲವೆಂದು ಮೊದಲ ಪಕ್ಷ ಆಕ್ಷೇಪಿಸಿತು. ಆಕ್ಷೇಪದಲ್ಲಿ ಹುರುಳಿರಬಹುದು. ಆದರೆ ಇಲಿಯಲ್ಲೇ ಇತ್ಯರ್ಥವಾಗದ ಸಂಗತಿಯನ್ನು ಎಪ್ಪತ್ತೈದರ ಅಜ್ಜಿಗೆ ಸಿದ್ಧಾಂತವೆಂಬಂತೆ ಹೇಳಿ ಹೆದರಿಸುವುದಕ್ಕೆ ಸಮರ್ಥನೆಯಿಲ್ಲ.

ಮನುಷ್ಯರ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಬ್ರಿಟಿಷ್ ಸರ್ಕಾರಿ ನೌಕರರ ವೈಟ್‌ಹಾಲ್ ಅಧ್ಯಯನದಲ್ಲಿ 7,959 ಜನರನ್ನು ಸುಮಾರು 25 ವರ್ಷ ಗಮನಿಸಲಾಯಿತು. 50, 60, 70ರ ವಯಸ್ಸಿನುದ್ದಕ್ಕೂ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರಲ್ಲಿ ಡಿಮೆನ್ಷಿಯಾ ಸಂಭವ ಸುಮಾರು 30% ಹೆಚ್ಚಿತ್ತು ಎಂದು 2021ರ ವರದಿ ಹೇಳಿತು. ‘ಕಾರಣ’ ಪಕ್ಷದವರು ಮತ್ತೆ ಮತ್ತೆ ಎತ್ತಿಹಿಡಿಯುವ ಅಂಕಿ ಇದು. ಅವರು ಅಷ್ಟಾಗಿ ಹೇಳದ ವಿಷಯ ಇನ್ನೊಂದಿದೆ: 70ರ ವಯಸ್ಸಿನ ನಿದ್ರೆಯನ್ನಷ್ಟೇ ತೆಗೆದುಕೊಂಡಾಗ ಆ ಸಂಬಂಧ ಖಚಿತವಾಗಿ ನಿಲ್ಲಲಿಲ್ಲ. ಐವತ್ತರ ಲೆಕ್ಕವನ್ನು ಎಪ್ಪತ್ತೈದಕ್ಕೆ ಹಚ್ಚುವುದು ತಪ್ಪು. ಆಲ್ಝೈಮರ್ ಕಾಯಿಲೆಯ ಬದಲಾವಣೆಗಳು ಮರೆವು ಕಾಣಿಸುವ ಹದಿನೈದಿಪ್ಪತ್ತು ವರ್ಷ ಮೊದಲೇ ಆರಂಭವಾಗುವುದರಿಂದ, ಐವತ್ತರ ಲೆಕ್ಕವೂ ಪೂರ್ತಿ ನಿಸ್ಸಂಶಯವಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಫಲಿತಾಂಶವಂತೂ ತಿರುಗುಮುರುಗು: ವಯಸ್ಸಾದ ಮೇಲೆ ಹೊಸದಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಮಲಗತೊಡಗಿದವರಲ್ಲಿ ಡಿಮೆನ್ಷಿಯಾ ಸಂಭವ ಸುಮಾರು ಎರಡು ಪಟ್ಟು. ಹೆಚ್ಚು ನಿದ್ರೆ ಮೆದುಳನ್ನು ಹಾಳುಮಾಡಿತೆಂದು ಯಾರೂ ವಾದಿಸುವುದಿಲ್ಲ. ಅದು ಲಕ್ಷಣ ಎಂದು ಎಲ್ಲರೂ ಒಪ್ಪುತ್ತಾರೆ. ಕಡಿಮೆ ನಿದ್ರೆಗೆ ಮಾತ್ರ ಬೇರೆ ನ್ಯಾಯವೇಕೆ? ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿಮಾಡಿದ 14 ಅಪಾಯಕಾರಿ ಅಂಶಗಳಲ್ಲಿ ನಿದ್ರೆ ಸೇರಿಲ್ಲವೆಂಬುದನ್ನೂ ಗಮನಿಸಬೇಕು.

ಇವೆಲ್ಲ ಲಂಡನ್ ಕಚೇರಿಗಳ, ಅಮೆರಿಕದ ಪಟ್ಟಣವೊಂದರ ಜನರ ಲೆಕ್ಕ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ದೀರ್ಘಕಾಲ ಗಮನಿಸುವ ಕೆಲಸವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಕನ್ನಡ ನಾಡಿನ ಹಿರಿಯರ ಬಗ್ಗೆ ಮಾತಾಡಲು ಅಂಥ ಆಧಾರವೇ ಬೇಕು.

ವಾದ ಏನೇ ಇರಲಿ, ತಿದ್ದಬಹುದಾದ ಮರೆವನ್ನು ಮೊದಲು ಹುಡುಕಬೇಕು. ಜೋರು ಗೊರಕೆ ನಡುವೆ ಉಸಿರು ನಿಂತು, ಗಕ್ಕನೆ ಎದ್ದು, ಹಗಲೆಲ್ಲ ತೂಕಡಿಸುವವರಿಗೆ ನಿದ್ರಾ ಉಸಿರುಕಟ್ಟಿನ ಪರೀಕ್ಷೆ ಆಗಬೇಕು. ಆಮೇಲೆ ಮಾತ್ರೆಗಳ ಡಬ್ಬಿ. ಅಲ್‌ಪ್ರಾಜೋಲಾಮ್‌ನಂಥ ನಿದ್ರೆ ಮಾತ್ರೆ, ಮಂಪರು ತರುವ ಹಳೆಯ ಬಗೆಯ ನೆಗಡಿ ಮಾತ್ರೆ, ಇವೆರಡೂ ಹಿರಿಯರಲ್ಲಿ ಮರೆವು, ಗೊಂದಲ ತರಬಲ್ಲವು. ಬೆಳಗಿನ ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಗೊಂದಲಕ್ಕೆ ರಾತ್ರಿ ನುಂಗಿದ ಮಾತ್ರೆಯೇ ಕಾರಣವಾಗಿರಬಹುದು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಮಲಗುವ ಅಭ್ಯಾಸವನ್ನೂ ನಿದ್ರೆಯ ಬಗೆಗಿನ ಆತಂಕವನ್ನೂ ತಿದ್ದುವ ಚಿಕಿತ್ಸೆ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಸಲಹೆ ಮಾಡಿದೆ. ವರ್ಷಗಟ್ಟಲೆ ನುಂಗಿದ ನಿದ್ರೆ ಮಾತ್ರೆಯನ್ನು ಮಾತ್ರ ಒಮ್ಮೆಗೇ ಬಿಡಿಸಬಾರದು. ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದಾದ್ದರಿಂದ ವೈದ್ಯರ ಕಣ್ಗಾವಲಿನಲ್ಲಿ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.